ಕುಮ್ಮಟದ ಕುದುರೆಗಳು: ಕಾವ್ಯದ ರಾಜ್ಯಕ್ಕೆ ಚರಿತ್ರೆಯ ಬೇರು

ಕನ್ನಡದ ಸಾಂಗತ್ಯ ಕಾವ್ಯಗಳಲ್ಲಿ ರಾವುತರ ರಾಜ್ಯವೊಂದಿದೆ. ಕುಮ್ಮಟ ಅದರ ಕೋಟೆ, ಕಂಪಿಲರಾಯ ದೊರೆ, ಅವನ ಮಗ ಗಂಡುಗಲಿ ಕುಮಾರರಾಮ ನಾಯಕ. ಬೊಲ್ಲ ಎಂಬುದು ನಾಯಕನ ಕುದುರೆ. ಸುಮಾರು 1525ರಲ್ಲಿ ನಂಜುಂಡ ಕವಿ ಈ ಕಥೆಯನ್ನು ವಿಸ್ತಾರವಾಗಿ ಹಾಡಿದ. ಮಲತಾಯಿ ರತ್ನಾಜಿ ಮೋಹಿಸುತ್ತಾಳೆ, ರಾಮ ಒಪ್ಪುವುದಿಲ್ಲ. ತಂದೆ ಮಗನ ತಲೆ ತೆಗೆಯಲು ಅಪ್ಪಣೆ ಕೊಡುತ್ತಾನೆ. ಮಂತ್ರಿ ಬೈಚಪ್ಪ ಅವನನ್ನು ಬಚ್ಚಿಟ್ಟು ಬೇರೊಂದು ತಲೆ ತೋರಿಸುತ್ತಾನೆ. ದಿಲ್ಲಿಯ ದಂಡು ಕೋಟೆಗೆ ಮುತ್ತಿಗೆ ಹಾಕಿದಾಗ, ಸತ್ತನೆಂದು ನಾಡೇ ನಂಬಿದ್ದ ವೀರ ಕುದುರೆಯೇರಿ ಹೊರಬರುತ್ತಾನೆ.

ಈ ರಾಜ್ಯ ಪೂರ್ತಿ ಕಲ್ಪನೆಯಲ್ಲ. ದೇವಗಿರಿಯ ಸೇವುಣರು ಕುಸಿದಾಗ ತುಂಗಭದ್ರೆಯ ದಡದಲ್ಲಿ ಕಂಪಿಲಿ ತಲೆಯೆತ್ತಿತು. ಅದಕ್ಕೆ ಅಡಿಪಾಯ ಹಾಕಿದವನು ಮುಮ್ಮಡಿ ಸಿಂಗೆಯ ನಾಯಕ. ಕುಮ್ಮಟದುರ್ಗ ಇಂದಿನ ಗಂಗಾವತಿಯ ಸೀಮೆಯಲ್ಲಿದೆ. ಮಹಮದ್ ಬಿನ್ ತುಘಲಕನ ವಿರುದ್ಧ ದಂಗೆಯೆದ್ದ ಬಹಾವುದ್ದೀನ್ ಗುರ್ಶಾಸ್ಪ್ ಕಂಪಿಲನ ಮರೆಹೊಕ್ಕ. ಕಂಪಿಲ ಅವನನ್ನು ಒಪ್ಪಿಸಲಿಲ್ಲ. 1327ರ ಸುಮಾರಿಗೆ ಕೋಟೆ ಬಿತ್ತು. ಅರಮನೆಯ ಹೆಂಗಸರು ಬೆಂಕಿಗೆ ಬಿದ್ದದ್ದನ್ನೂ, ರಾಜ ಕಾದಿ ಮಡಿದದ್ದನ್ನೂ, ಅವನ ಹನ್ನೊಂದು ಮಕ್ಕಳು ಸೆರೆಯಾದದ್ದನ್ನೂ ಇಬ್ನ್ ಬತೂತ ಬರೆದಿದ್ದಾನೆ. ಅವರಲ್ಲಿ ಕೆಲವರನ್ನು ಆತ ಮುಂದೆ ದಿಲ್ಲಿಯಲ್ಲಿ ಕಂಡಿದ್ದ. ಮರೆಹೊಕ್ಕವನನ್ನು ಬಿಟ್ಟುಕೊಡದೆ ಒಂದು ಸಣ್ಣ ರಾಜ್ಯ ತನ್ನನ್ನೇ ಸುಟ್ಟುಕೊಂಡ ಈ ಘಟನೆ ಕಾವ್ಯವಾಗದೆ ಹೋಗಿದ್ದರೇ ಆಶ್ಚರ್ಯ.

ಆದರೆ ಕಾವ್ಯದ ಅಶ್ವವೈಭವ ಬಂದದ್ದೆಲ್ಲಿಂದ? ಕಂಪಿಲಿ ಒಳನಾಡಿನ ರಾಜ್ಯ, ಬಾಳಿದ್ದೂ ಕೆಲವೇ ದಶಕ. ದಕ್ಷಿಣದಲ್ಲಿ ಒಳ್ಳೆಯ ಯುದ್ಧಾಶ್ವವೆಂದರೆ ಅರೇಬಿಯಾ, ಪರ್ಷಿಯಾಗಳಿಂದ ಹಡಗಿನಲ್ಲಿ ಬರಬೇಕಾದ ಸರಕು. ಇಲ್ಲಿಯ ಹವೆ, ಮೇವು ಒಗ್ಗದೆ ಕುದುರೆಗಳು ಬೇಗ ಸಾಯುತ್ತಿದ್ದವು. ತಮಿಳು ಕರಾವಳಿಯ ಈ ಸ್ಥಿತಿಯನ್ನು ಮಾರ್ಕೊ ಪೋಲೊ ಹದಿಮೂರನೆಯ ಶತಮಾನದಲ್ಲೇ ಗುರುತಿಸಿದ್ದ. ಆ ಸರಕನ್ನು ಭಾರಿ ಪ್ರಮಾಣದಲ್ಲಿ ಕೊಂಡದ್ದು ಕಂಪಿಲಿಯ ಬೂದಿಯಿಂದೆದ್ದ ವಿಜಯನಗರ. ಸ್ವತಃ ಕುದುರೆ ವ್ಯಾಪಾರಿಯಾಗಿದ್ದ ಪೋರ್ಚುಗೀಸ ನೂನಿಜ್‌ನ ಪ್ರಕಾರ ಕೃಷ್ಣದೇವರಾಯ ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದ. ಈ ಅಂಕಿಯನ್ನು ವ್ಯಾಪಾರಿಯ ಉತ್ಪ್ರೇಕ್ಷೆಯೆಂದು ಸ್ವಲ್ಪ ತಗ್ಗಿಸಿದರೂ ವ್ಯವಹಾರದ ಗಾತ್ರ ಬೆರಗು ಹುಟ್ಟಿಸುತ್ತದೆ. ಸಾಳುವ ನರಸಿಂಹನ ಬಗ್ಗೆ ಅವನು ಹೇಳುವ ಸಂಗತಿ ಇನ್ನೂ ಮಾರ್ಮಿಕ: ಸಮುದ್ರದಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ರಾಜ ಅದರ ಬೆಲೆ ಕೊಡುತ್ತಿದ್ದ. ಭಟ್ಕಳ, ಹೊನ್ನಾವರಗಳ ಬಂದರುಗಳೂ 1510ರಲ್ಲಿ ಪೋರ್ಚುಗೀಸರ ಕೈಸೇರಿದ ಗೋವೆಯೂ ಈ ವ್ಯಾಪಾರದಿಂದ ಬೆಳೆದವು. ಹಂಪಿಯ ಮಹಾನವಮಿ ದಿಬ್ಬದಲ್ಲಿ ಕುದುರೆ ವರ್ತಕರ ಶಿಲ್ಪಗಳಿವೆ. ಹಜಾರರಾಮ ದೇವಾಲಯದ ಪ್ರಾಕಾರದ ಹೊರಮೈಯಲ್ಲಿ ಕುದುರೆಗಳು ಸಾಲಾಗಿ ನಡೆಯುತ್ತವೆ.

ನಂಜುಂಡ ಬರೆದದ್ದು ಈ ಕಾಲದಲ್ಲಿ. ಹದಿನಾಲ್ಕನೆಯ ಶತಮಾನದ ದುರಂತವನ್ನು ಎತ್ತಿಕೊಂಡು ಅದಕ್ಕೆ ತನ್ನ ಕಣ್ಣೆದುರಿನ ಹದಿನಾರನೆಯ ಶತಮಾನದ ಲಾಯವನ್ನು ಆತ ಜೋಡಿಸಿದ ಎಂದು ಓದುವುದು ಯುಕ್ತ. ಇದನ್ನು ಕಾಲದೋಷವೆಂದು ಬದಿಗಿಡುವುದು ಸರಿಯಲ್ಲ. ಕಲ್ಪಿತ ರಾಜ್ಯಗಳು ಕಟ್ಟಿಕೊಳ್ಳುವುದೇ ಹೀಗೆ.

ಇಂಗ್ಲಿಷಿನಲ್ಲಿ ಟೋಲ್ಕಿನ್ 1954–55ರಲ್ಲಿ ಪ್ರಕಟಿಸಿದ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಕೃತಿಯ ರೋಹನ್ ರಾಜ್ಯ ಇದಕ್ಕೆ ಒಳ್ಳೆಯ ಜೋಡಿ. ಅಲ್ಲಿಯ ರಾವುತರ ಹೆಸರು, ನುಡಿ, ಸಭಾಮಂದಿರದ ರೀತಿ ಆಂಗ್ಲೊ-ಸ್ಯಾಕ್ಸನರವು. ಆದರೆ 1066ರ ಹೇಸ್ಟಿಂಗ್ಸ್ ಕದನದಲ್ಲಿ ಆಂಗ್ಲೊ-ಸ್ಯಾಕ್ಸನರು ನಿಂತು ಕಾದಿದವರು, ಕುದುರೆಯ ಮೇಲಿದ್ದವರು ನಾರ್ಮನರು. ರೋಹನ್ನಿನ ಕುದುರೆಗೆ ಗಾಥ್ ಜನರ ಚರಿತ್ರೆಯಲ್ಲಿ ಮೂಲ ಹುಡುಕಿದ ವಿದ್ವಾಂಸರಿದ್ದಾರೆ. 451ರಲ್ಲಿ ಹೂಣ ಅಟಿಲನೆದುರು ಕಾದುತ್ತ ಕುದುರೆಯಿಂದ ಬಿದ್ದು ಮಡಿದ ಗಾಥ್ ದೊರೆ ಥಿಯೊಡೊರಿಕನ ನೆರಳು ರೋಹನ್ನಿನ ಮುದಿ ದೊರೆ ಥಿಯೊಡೆನ್ನನ ಸಾವಿನ ಮೇಲೆ ಬಿದ್ದಿದೆ. ಒಂದು ಜನಾಂಗದ ಮಾತು, ಇನ್ನೊಂದರ ಕುದುರೆ: ನಂಜುಂಡ ಎರಡು ಶತಮಾನಗಳನ್ನು ಬೆಸೆದಂತೆ ಟೋಲ್ಕಿನ್ ಎರಡು ಜನಾಂಗಗಳನ್ನು ಬೆಸೆದ.

ಒಂದು ವ್ಯತ್ಯಾಸ ಮಾತ್ರ ದೊಡ್ಡದು. ರೋಹನ್ ಪುಸ್ತಕದಲ್ಲೇ ಉಳಿಯಿತು, ಕುಮಾರರಾಮ ದೈವವಾದ. ಅವನ ಹೆಸರಿನಲ್ಲಿ ಇಂದಿಗೂ ಪೂಜೆ, ಜಾತ್ರೆ ನಡೆಯುತ್ತವೆ. ಗದುಗಿನ ಹುಯಿಲಗೋಳ ನಾರಾಯಣರಾಯರು ಅವನ ಕಥೆಯನ್ನು ಸಂಗೀತ ನಾಟಕವಾಗಿಸಿದರು. ಆಲೂರ ವೆಂಕಟರಾಯರ 'ಕರ್ನಾಟಕ ಗತವೈಭವ' 1917ರಲ್ಲಿ ಹೊರಬಂದ ಆ ಕಾಲದಲ್ಲಿ, ಹರಿದು ಹಂಚಿಹೋಗಿದ್ದ ನಾಡಿಗೆ ಇಂಥ ವೀರ ಬೇಕಾಗಿದ್ದ. 2006ರಲ್ಲಿ ಅವನು ಬೆಳ್ಳಿತೆರೆಗೂ ಬಂದ.

ಕಾವ್ಯವನ್ನೂ ಚರಿತ್ರೆಯನ್ನೂ ಹೀಗೆ ಕೂಡಿಸಿ ಓದುವ ಅಧ್ಯಯನಕ್ಕೆ ಹುಬ್ಬಳ್ಳಿ-ಧಾರವಾಡ ತಕ್ಕ ನೆಲ. 1939ರಲ್ಲಿ ಆರಂಭವಾದ ಕನ್ನಡ ಸಂಶೋಧನ ಸಂಸ್ಥೆ ಧಾರವಾಡದಲ್ಲಿದೆ. ಸುತ್ತಲ ಹಳ್ಳಿಗಳ ಗುಡಿಯಂಗಳಗಳಲ್ಲಿ ವೀರಗಲ್ಲುಗಳು ನಿಂತಿವೆ; ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ. ಕೆಳಪಟ್ಟಿಕೆಯ ಸವಾರನ ಜೀನು, ಕಡಿವಾಣ, ಆಯುಧಗಳನ್ನು ಯಾವ ಕವಿಯೂ ಹಿಗ್ಗಿಸಿ ಹೇಳಿಲ್ಲ. ಅವು ಆಯಾ ಕಾಲದ ಕಲ್ಲುಕುಟಿಗ ಕೆತ್ತಿದ ಸಾಕ್ಷ್ಯ. ಸಾಹಿತ್ಯದವರು ಸಾಂಗತ್ಯವನ್ನು, ಇತಿಹಾಸದವರು ಪ್ರವಾಸಿಗರ ಬರಹವನ್ನು, ಪುರಾತತ್ವದವರು ಕಲ್ಲನ್ನು ಬೇರೆ ಬೇರೆ ಕೋಣೆಗಳಲ್ಲಿ ಕುಳಿತು ಓದುವ ರೂಢಿ ಇಲ್ಲಿಗೆ ನಿಲ್ಲಲಿ. ಮೂರನ್ನೂ ಒಂದೇ ಮೇಜಿನ ಮೇಲಿಟ್ಟು ಓದುವ ಕೆಲಸವನ್ನು ವಿದ್ವಾಂಸರು, ಅದರಲ್ಲೂ ಎಳೆಯ ಸಂಶೋಧಕರು ಕೈಗೆತ್ತಿಕೊಳ್ಳಬೇಕು.