ಕಳೆ



ಒಕ್ಕಲುತನದ ಮನೆಗಳಲ್ಲಿ ದಿನಬೆಳಗಾದರೆ ಕೇಳಿಬರುವ ಮಾತು 'ಕಳೆ'. ನಾವು ಬಿತ್ತದೆ ಹೊಲದಲ್ಲಿ ಬೆಳೆದದ್ದು ಕಳೆ. ಶಾಲೆಯ ಮಗು ಹತ್ತರಲ್ಲಿ ನಾಲ್ಕನ್ನು ಕಳೆಯುತ್ತದೆ. ಜಾತ್ರೆಯ ಗದ್ದಲದಲ್ಲಿ ಕೈಚೀಲ ಕಳೆದುಹೋಗುತ್ತದೆ. ಹರಟೆಯಲ್ಲಿ ಹೊತ್ತು ಕಳೆಯುತ್ತದೆ. ಹೀಗೆ ಹೋಗುವುದನ್ನೇ ಹೇಳುವ ಈ ಶಬ್ದ, ಪೂಜೆ ಮುಗಿಸಿ ಬಂದ ತಾಯಿಯನ್ನು ಕಂಡು 'ಮುಖದಲ್ಲಿ ಎಂಥ ಕಳೆ!' ಎನ್ನುವಾಗ ಬೆಳಕಾಗುತ್ತದೆ. ಹುಣ್ಣಿಮೆಯ ಚಂದ್ರನಿಗೂ 16 ಕಳೆಗಳು.

ಪಂಡಿತರು ಇವನ್ನು ಬೇರೆ ಬೇರೆ ಮಾಡಿ ತೋರಿಸುತ್ತಾರೆ. ಕಾಂತಿಯೆಂಬ ಕಳೆ ಸಂಸ್ಕೃತದ 'ಕಲಾ' ಶಬ್ದದಿಂದ ಬಂದದ್ದು. ಹೊಲದ ಕಳೆ ಅಚ್ಚಗನ್ನಡದ್ದು. ತಮಿಳಿನಲ್ಲಿಯೂ ಅದು 'ಕಳೈ'. ಮೂಲ ಬೇರೆಯಾದರೂ ನಮ್ಮ ನಾಲಗೆಯ ಮೇಲೆ ಇವು ಒಂದಾಗಿವೆ. ಅದರಲ್ಲಿ ನಮಗೊಂದು ಪಾಠವಿದೆ. ಹೊಲದ ಕಳೆಯನ್ನು ಕಳೆದರೆ ಪೈರಿಗೆ ಕಳೆ ಬರುತ್ತದೆ; ಮನದ ಕಳೆಯನ್ನು ಕಳೆದರೆ ಮುಖಕ್ಕೆ ಕಳೆ ಬರುತ್ತದೆ.

ಕಳೆಯಲ್ಲಿ ಎರಡು ಬಗೆ. ಒಂದು ಕಣ್ಣಿಗೆ ಕಾಣುವಂಥದು. 1950ರ ದಶಕದಲ್ಲಿ ಪುಣೆಯ ಸುತ್ತ ಕಾಣಿಸಿಕೊಂಡ ಪಾರ್ಥೇನಿಯಂ, ನಮ್ಮವರು ಕಾಂಗ್ರೆಸ್ ಗಿಡವೆನ್ನುವುದು, ಇಂದು ಊರೂರ ದಾರಿಯಲ್ಲಿದೆ. ಒಂದೊಂದು ಗಿಡ ಸಾವಿರಾರು ಬೀಜ ಉದುರಿಸುತ್ತದೆ. ಹೂವಾಗುವ ಮುನ್ನ ಕಿತ್ತವನಿಗೆ ಒಂದೇ ಗಿಡದ ಕೆಲಸ; ತಡಮಾಡಿದವನಿಗೆ ಮುಗಿಯದ ಕೆಲಸ. ಇನ್ನೊಂದು ಕಾಣದಂಥದು. ಜೋಳದ ಬೇರಿಗೆ ತನ್ನ ಬೇರು ಹಚ್ಚಿ ಬದುಕುವ ಕಳೆಯೊಂದುಂಟು. ನೆಲದ ಮೇಲೆ ತಲೆ ಎತ್ತುವ ಮೊದಲೇ ಅದು ಪೈರಿನ ಸಾರ ಹೀರುತ್ತಿರುತ್ತದೆ. ಪೈರೇಕೆ ಬಾಡಿತೆಂದು ರೈತ ಮುಗಿಲು ನೋಡುತ್ತಾನೆ. ಕಾರಣ ಅವನ ಕಾಲ ಕೆಳಗಿರುತ್ತದೆ.

ನಮ್ಮ ಬಾಳಿನಲ್ಲಿಯೂ ಇಂಥ ಕಾಣದ ಕಳೆ ಇದೆ. ಎಡೆಕುಂಟೆ ಹೊಡೆದ ಮೇಲೂ ಸಾಲಿನೊಳಗೆ ಉಳಿಯುವ ಕಳೆಯನ್ನು ಕುರ್ಪಿ ಹಿಡಿದು ಕೈಯಿಂದಲೇ ತೆಗೆಯಬೇಕು. ತೆಗೆಯುವವರು ಯಾರು? ಹೆಚ್ಚಾಗಿ ತಾಯಂದಿರು. ದಿನವಿಡೀ ಬಗ್ಗಿದ ಬೆನ್ನು ಅವರದು. ಸಂಜೆ ಕೂಲಿ ಎಣಿಸುವಾಗ ಗಂಡಾಳಿಗೊಂದು ದರ, ಹೆಣ್ಣಾಳಿಗೊಂದು ದರ! ಕಾಯಕದಲ್ಲಿ ಮೇಲು ಕೀಳಿಲ್ಲವೆಂದು 12ನೆಯ ಶತಮಾನದಲ್ಲಿಯೇ ಶರಣರು ಸಾರಿದರು. ಸಮಾನ ಕೂಲಿಯ ಕಾಯ್ದೆ 1976ರಲ್ಲಿಯೇ ಆಯಿತು. ಆದರೂ ಕೊಡುವ ಕೈ ಹಿಂದೆಗೆಯುತ್ತದೆ. ಆ ತಾಯಂದಿರ ಕೂಲಿಯಲ್ಲಿ ಕಳೆದು ಉಳಿಸಿಕೊಂಡು, ಮಠದ ದಾಸೋಹಕ್ಕೆ ಚೀಲ ಜೋಳ ತಂದರೆ ಅದು ಭಕ್ತಿಯಾದೀತೆ? ಅಂಥ ಜೋಳ ನಮಗೆ ಬೇಡ. ಮೊದಲು ಅವರಿಗೆ ಸಲ್ಲಬೇಕಾದುದನ್ನು ಸಲ್ಲಿಸಿ ಬನ್ನಿ. ಆಮೇಲೆ ಒಂದು ಹಿಡಿ ತಂದರೂ ಅದು ಪ್ರಸಾದವಾಗುತ್ತದೆ.

ಗುರುವು ದೀಕ್ಷೆಯಲ್ಲಿ ಶಿಷ್ಯನ ಚಿತ್ಕಳೆಯನ್ನೇ ಇಷ್ಟಲಿಂಗವಾಗಿ ಅಂಗೈಗೆ ಕೊಡುತ್ತಾನೆಂಬುದು ನಮ್ಮ ಹಿರಿಯರ ತಿಳಿವು. ಬೆಳಿಗ್ಗೆ ಆ ಕಳೆಯನ್ನು ಹಿಡಿದ ಅಂಗೈಯೇ ಸಂಜೆ ಕೂಲಿ ಎಣಿಸುವುದು. ಎರಡು ಹೊತ್ತಿನಲ್ಲಿಯೂ ಅದು ಒಂದೇ ಅಂಗೈಯಾಗಿರಲಿ.

ಎಲ್ಲರ ಹೊಲದ ಕಳೆ ಕಳೆಯಲಿ, ಎಲ್ಲರ ಮುಖದಲ್ಲಿ ಕಳೆ ತುಂಬಲಿ ಎಂದು ಹಾರೈಸಿ ಈ ಮಾತಿಗೆ ಮಂಗಲ ಹೇಳುತ್ತೇವೆ.