ದಾಖಲೆ ಪಟ್ಟಿಯಲ್ಲಿ ಯಾವ ದಿನಾಂಕ ಕಾಣಬೇಕು?

(ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ನೀಡಿದ ಉಪನ್ಯಾಸದ ಪಠ್ಯ)



ಗ್ರಾಮಸಭೆಯ ನಡವಳಿ, ಕಾಮಗಾರಿ ಆದೇಶ, ಅರ್ಜಿಯ ಸ್ವೀಕೃತಿ, ಅರಣ್ಯ ಹಕ್ಕಿನ ಠರಾವು ಮೊದಲಾದವುಗಳನ್ನು ಸ್ಕ್ಯಾನ್ ಮಾಡಿ ಗಣಕಯಂತ್ರದಲ್ಲಿ ಇರಿಸಲು ವಿಕಿ ಮಾದರಿಯ ತಂತ್ರಾಂಶ ಅನುಕೂಲಕರವಾದುದು. ಕನ್ನಡ ವಿಕಿಪೀಡಿಯದಲ್ಲಿರುವಂತೆ ಇಲ್ಲಿಯೂ ಹಲವರು ಸೇರಿ ಕೆಲಸ ಮಾಡಬಹುದು. ಯಾರು ಯಾವಾಗ ಏನನ್ನು ತಿದ್ದಿದರೆಂಬುದೂ ಉಳಿದಿರುತ್ತದೆ. ಆದರೆ ದಾಖಲೆಗಳ ಪಟ್ಟಿಯನ್ನು ತೆರೆದೊಡನೆ ಸಾಮಾನ್ಯವಾಗಿ ಕಾಣುವುದು ಪುಟವನ್ನು ಕೊನೆಯ ಬಾರಿ ತಿದ್ದಿದ ದಿನಾಂಕ. ಯಂತ್ರಕ್ಕೆ ತಾನಾಗಿ ತಿಳಿದಿರುವುದು ಪುಟವನ್ನು ಏರಿಸಿದ, ತಿದ್ದಿದ ದಿನಾಂಕಗಳಷ್ಟೇ. ಸಭೆ ನಡೆದ ದಿನಾಂಕವು ಸ್ಕ್ಯಾನ್ ಆದ ಹಾಳೆಯ ಚಿತ್ರದೊಳಗೆ ಅಡಗಿ ಕುಳಿತಿರುತ್ತದೆ.

ಇದರಿಂದ ಆಗಬಹುದಾದ ಹಾನಿ ಸಣ್ಣದಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯ 6(2)ನೇ ಕಲಮಿನ ಪ್ರಕಾರ, ಗ್ರಾಮಸಭೆಯ ಠರಾವಿನಿಂದ ಬಾಧಿತನಾದ ವ್ಯಕ್ತಿಯು ಠರಾವು ಅಂಗೀಕಾರವಾದ ದಿನದಿಂದ 60 ದಿನಗಳೊಳಗೆ ಉಪವಿಭಾಗ ಮಟ್ಟದ ಸಮಿತಿಗೆ ಅರ್ಜಿ ಸಲ್ಲಿಸಬೇಕು. ಜೂನ್ 10ರಂದು ಆದ ಠರಾವನ್ನು ಸಿಬ್ಬಂದಿಯು ಜುಲೈ 25ರಂದು ಸ್ಕ್ಯಾನ್ ಮಾಡಿ ಏರಿಸಿದರೆಂದು ಭಾವಿಸೋಣ. ಪಟ್ಟಿಯನ್ನು ನಂಬಿದವರಿಗೆ ಸೆಪ್ಟೆಂಬರ್ 23ರವರೆಗೆ ಅವಕಾಶವಿದ್ದಂತೆ ತೋರುತ್ತದೆ. ನಿಜವಾದ ಗಡುವು ಆಗಸ್ಟ್ 9ಕ್ಕೇ ಮುಗಿದಿರುತ್ತದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳಿಗೆ 2011ರಲ್ಲಿ ಸಮುದಾಯ ಅರಣ್ಯ ಹಕ್ಕುಪತ್ರ ದೊರೆತಿರುವ ಈ ಪ್ರದೇಶದಲ್ಲಿ ಇದು ಬರಿಯ ತಾಂತ್ರಿಕ ಸಂಗತಿಯಾಗಿ ಉಳಿಯದು. ಆ ಕಾಯ್ದೆಯಡಿಯ ಸಭೆಯನ್ನು ಕರೆಯುವ ಹೊಣೆಯೂ ಗ್ರಾಮ ಪಂಚಾಯಿತಿಯದೇ.

ಪರಿಹಾರ ಸರಳವಾಗಿದೆ. ದಾಖಲೆಯ ಪುಟದಲ್ಲಿ ಪ್ರತ್ಯೇಕ ದಿನಾಂಕದ ಕಾಲಂ ರಚಿಸಿ, ಅದನ್ನೇ ಪಟ್ಟಿಯಲ್ಲಿ ಕಾಣಿಸುವಂತೆ ಹೇಳಬೇಕು. ವಿಕಿಪೀಡಿಯವು ಬಳಸುವ ಮೀಡಿಯಾವಿಕಿ ತಂತ್ರಾಂಶಕ್ಕೆ ‘ಕಾರ್ಗೋ’ ಎಂಬ ಜೋಡಣೆಯಿದೆ. ಅದರಲ್ಲಿ ಕಾಲಂ ‘ದಿನಾಂಕ’ ಜಾತಿಯದೆಂದು ಮೊದಲೇ ಘೋಷಿಸಿ, ಪ್ರತಿ ಪುಟದ ನಮೂನೆಯಲ್ಲಿ ಅದನ್ನು ತುಂಬಿದರೆ ಕೋಷ್ಟಕ ತಾನಾಗಿ ಸಿದ್ಧವಾಗುತ್ತದೆ. ಘೋಷಣೆಯಲ್ಲಿ ತಪ್ಪಿದರೆ ಮಾತ್ರ ಎಲ್ಲವೂ ಕೆಡುತ್ತದೆ. ಸಾಧಾರಣ ಪಠ್ಯವೆಂದು ಘೋಷಿಸಿದ ಕಾಲಮಿನಲ್ಲಿ 02-11-2023 ಎಂಬುದು 15-03-2019ಕ್ಕಿಂತ ಮೊದಲು ಬರುತ್ತದೆ. ಯಂತ್ರವು ಎಡದಿಂದ ಅಂಕಿಗಳನ್ನು ಹೋಲಿಸುತ್ತದೆಯಷ್ಟೆ. ಆದ್ದರಿಂದ 2023-11-02 ಎಂದು ವರ್ಷ, ತಿಂಗಳು, ದಿನಗಳ ಕ್ರಮದಲ್ಲಿ ತುಂಬುವುದು ಕ್ಷೇಮ. ಪಟ್ಟಿಯಲ್ಲಿ ಓದುಗರಿಗೆ ರೂಢಿಯಾದ ಕ್ರಮದಲ್ಲಿ ತೋರಿಸಲು ಅಡ್ಡಿಯಿಲ್ಲ.

ಹಳೆಯ ಕಾಗದಗಳ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಹನೂರು ಸೀಮೆಯೂ ಸೇರಿದಂತೆ ಕೊಳ್ಳೇಗಾಲ ತಾಲೂಕು 1956ರ ನವೆಂಬರ್ 1ರವರೆಗೆ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಅತ್ತ ಯಳಂದೂರು ದಿವಾನ್ ಪೂರ್ಣಯ್ಯನವರ ಜಹಗೀರಾಗಿದ್ದ ಮೈಸೂರಿನ ನೆಲ. ಮದ್ರಾಸ್ ಕಂದಾಯ ಕಾಗದಗಳಲ್ಲಿ ಫಸಲಿ ವರ್ಷ ಇರುತ್ತದೆ: ಫಸಲಿ 1366 ಎಂದರೆ 1956ರ ಜುಲೈ 1ರಿಂದ 1957ರ ಜೂನ್ 30ರವರೆಗೆ. ಆ ಕಾಗದ ಯಾವ ರಾಜ್ಯದ ಕಾಲದ್ದೆಂಬುದನ್ನು ವರ್ಷದ ಸಂಖ್ಯೆಯೊಂದೇ ಹೇಳದು. ಖಾಸಗಿ ಪತ್ರಗಳಲ್ಲಿ ದುರ್ಮುಖಿ ಸಂವತ್ಸರವೆಂದಷ್ಟೇ ಇದ್ದರೆ ಅದು 1956ರದೂ ಆಗಬಹುದು, 60 ವರ್ಷ ಹಿಂದಿನದೂ ಆಗಬಹುದು. ಸೋಲಿಗರಂಥ ಪರಿಶಿಷ್ಟ ಪಂಗಡದವರಲ್ಲದ ಪಾರಂಪರಿಕ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸವನ್ನು ತೋರಿಸಬೇಕಾಗುತ್ತದೆ. ಅಂಥವರ ಪಾಲಿಗೆ ಇಂಥ ಕಾಗದವೇ ಆಧಾರ. ಇಲ್ಲಿ ಎರಡು ಬಗೆಯ ಕಾಲಂ ಇರಿಸುವುದು ಯುಕ್ತ: ಕಾಗದದಲ್ಲಿ ಬರೆದಿರುವಂತೆಯೇ ಒಂದು, ಲೆಕ್ಕ ಹಾಕಿದ ಆರಂಭ ಹಾಗೂ ಅಂತ್ಯದ ದಿನಾಂಕಗಳು ಮತ್ತೊಂದೆಡೆ. ಕಾಲಂ ತುಂಬಲೇಬೇಕೆಂಬ ಅವಸರಕ್ಕೆ ಜನವರಿ 1 ಎಂದು ಬರೆಯುವ ಅಭ್ಯಾಸ ಕಚೇರಿಗಳಲ್ಲಿ ಅಪರೂಪವೇನಲ್ಲ. ದಾಖಲೆಯಲ್ಲಿ ಅದು ಸುಳ್ಳು ಸಾಕ್ಷ್ಯವಾಗಿ ನಿಲ್ಲುತ್ತದೆ. ತಿಳಿಯದ ದಿನಾಂಕದ ಜಾಗ ಖಾಲಿಯಾಗಿಯೇ ಕಾಣಲಿ.

ತಂತ್ರಾಂಶದ ಒಳಗನ್ನು ಸದಸ್ಯರು ಕಲಿಯಬೇಕಾಗಿಲ್ಲ. ಪಟ್ಟಿಯ ಪ್ರತಿ ಕೈಗೆ ಬಂದಾಗ ‘ದಿನಾಂಕ’ ಎಂಬ ಶೀರ್ಷಿಕೆಯಷ್ಟೇ ಇದ್ದರೆ ಯಾವುದರ ದಿನಾಂಕವೆಂದು ಸಭೆಯಲ್ಲಿ ಕೇಳಬಹುದು. ಮಾಹಿತಿ ಹಕ್ಕು ಕಾಯ್ದೆ 2005ರ 4(1)(ಎ) ಕಲಮು ದಾಖಲೆಗಳನ್ನು ಸೂಚಿ ಸಹಿತ ಇರಿಸಬೇಕೆನ್ನುತ್ತದೆ. ಅದೇ ಕಾಯ್ದೆಯ 30 ದಿನಗಳ ಗಡುವು ಅರ್ಜಿ ತಲುಪಿದ ದಿನದಿಂದ ಆರಂಭವಾಗುತ್ತದೆ. ಹೀಗಾಗಿ ಅರ್ಜಿಗಳ ಪಟ್ಟಿಯಲ್ಲಿ ‘ಸ್ವೀಕರಿಸಿದ ದಿನಾಂಕ’, ಠರಾವುಗಳ ಪಟ್ಟಿಯಲ್ಲಿ ‘ಸಭೆ ನಡೆದ ದಿನಾಂಕ’ ಮೊದಲ ಕಾಲಮಿನಲ್ಲಿರಬೇಕು. ಕಂಪ್ಯೂಟರಿಗೆ ಏರಿಸಿದ ದಿನಾಂಕವನ್ನು ಕೊನೆಯ ಕಾಲಮಿಗೆ ಸರಿಸಿ, ಅದರ ಮೇಲೆಯೂ ಅದರ ಹೆಸರನ್ನೇ ಬರೆಯಬೇಕು.