ಎರೆ ಹೊಲದ ಗಾಳಿಗೆ ಬೆಲೆ ಕಟ್ಟುವವರು ಯಾರು?



ಆಷಾಢದ ಗಾಳಿ ನಮಗೆ ಹೊಸದಲ್ಲ; ಅದನ್ನು ಕೊಳ್ಳುವವರು ಬಂದದ್ದು ಹೊಸದು. ಕರ್ನಾಟಕದಲ್ಲಿ ಗಾಳಿ ವಿದ್ಯುತ್ತಿಗೆ ಮೊದಲು ಹೆಸರಾದದ್ದು ಚಿತ್ರದುರ್ಗ, ಗದಗ ಸೀಮೆಯ ಗುಡ್ಡಗಳು. ಆಗಿನ ಕಂಬಗಳು ಗಿಡ್ಡ, ಹಾಗಾಗಿ ಗುಡ್ಡದ ಎತ್ತರ ಬೇಕಿತ್ತು. ಈಗಿನ ಕಂಬ ನೂರು ಮೀಟರ್ ದಾಟಿದೆ. ಮೇಲೆ ಹೋದಷ್ಟೂ ಗಾಳಿ ಬಿರುಸು. ವೇಗ ಇಮ್ಮಡಿಯಾದರೆ ಅದರಲ್ಲಿರುವ ಶಕ್ತಿ ಎಂಟು ಪಟ್ಟಾಗುತ್ತದೆ. ಬಯಲುಸೀಮೆಯ ಎರೆ ಹೊಲಗಳ ಮೇಲೂ ಕಂಪನಿಗಳ ಕಣ್ಣು ಬೀಳುತ್ತಿರುವುದು ಇದೇ ಕಾರಣಕ್ಕೆ. 120 ಮೀಟರ್ ಎತ್ತರದಲ್ಲಿ ನಮ್ಮ ರಾಜ್ಯದಲ್ಲಿ ಸುಮಾರು 1,24,000 ಮೆಗಾವ್ಯಾಟ್ ಗಾಳಿ ವಿದ್ಯುತ್ ಸಾಮರ್ಥ್ಯವಿದೆ ಎಂಬುದು ರಾಷ್ಟ್ರೀಯ ಪವನ ಶಕ್ತಿ ಸಂಸ್ಥೆಯ ಅಂದಾಜು.

ಗಾಳಿ ವಿದ್ಯುತ್ತಿನಲ್ಲಿ ರೈತನಿಗೆ ಅನುಕೂಲವೂ ಇದೆ. ಸೋಲಾರ್ ಫಲಕ ಹೊಲವನ್ನೇ ಮುಚ್ಚುತ್ತದೆ. ಗಾಳಿ ಯಂತ್ರಗಳ ನಡುವೆ ನೂರಾರು ಮೀಟರ್ ಅಂತರ ಬಿಡಲೇಬೇಕು. ಆ ಜಾಗದಲ್ಲಿ ತೊಗರಿ, ಜೋಳ ಬೆಳೆಯಬಹುದು. ಆದರೆ ಕಂಬದ ಬುಡಕ್ಕೆ, ಕ್ರೇನ್ ಹೋಗುವ ರಸ್ತೆಗೆ, ತಂತಿಯ ಸಾಲಿಗೆ ನೆಲ ಬೇಕೇ ಬೇಕು. ಎರೆ ಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುತ್ತದೆ. ಎತ್ತರಿಸಿದ ರಸ್ತೆಗೆ ಸರಿಯಾದ ಮೋರಿ ಇಡದಿದ್ದರೆ ಪಕ್ಕದ ಹೊಲದಲ್ಲಿ ನೀರು ನಿಂತು ತೊಗರಿ ಕೊಳೆಯುತ್ತದೆ.

ನೆಲ ಕೊಡುವ ಮುನ್ನ ಪಾವಗಡದ ಪಾಠ ನೆನಪಿರಲಿ. 2,050 ಮೆಗಾವ್ಯಾಟ್‌ನ ಆ ಸೋಲಾರ್ ಪಾರ್ಕಿಗೆ ರೈತರು ಜಮೀನು ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಪಹಣಿ ರೈತನ ಹೆಸರಲ್ಲೇ ಉಳಿಯಿತು. ಆದರೆ ಜಮೀನಿಲ್ಲದ ಕೂಲಿಕಾರರಿಗೆ ಬಾಡಿಗೆ ಇಲ್ಲ, ಹೊಲದ ಕೆಲಸವೂ ಹೋಯಿತು.

ಗಾಳಿ ವಿದ್ಯುತ್ತು ಬೇಡ ಎನ್ನುವವನು ನಾನಲ್ಲ. ಕಲ್ಲಿದ್ದಲು ಸುಡದ, ನೀರು ಕುಡಿಯದ ಕರೆಂಟು ಬರಗಾಲದ ಸೀಮೆಗೆ ಬೇಕು. ಆದರೆ ಯಂತ್ರದ ಆಯುಷ್ಯ ಇಪ್ಪತ್ತು, ಇಪ್ಪತ್ತೈದು ವರ್ಷ. ಹೊಲ ಮೊಮ್ಮಕ್ಕಳಿಗೂ ಬೇಕು. ಆದ್ದರಿಂದ ಮಾರಬೇಡಿ, ಗುತ್ತಿಗೆಗೆ ಕೊಡಿ. ಬಾಡಿಗೆ ಏರಿಕೆ, ಬೆಳೆ ಹಾನಿಗೆ ಪರಿಹಾರ, ಮೋರಿಯ ಹೊಣೆ, ಅವಧಿ ಮುಗಿದ ಮೇಲೆ ಕಂಬ, ಕಾಂಕ್ರೀಟು ಕಿತ್ತು ನೆಲ ಸರಿಪಡಿಸುವ ಮಾತು, ಊರಿನ ಹುಡುಗರಿಗೆ ಕೆಲಸ ಇವೆಲ್ಲ ಕನ್ನಡದಲ್ಲೇ ಬರೆದ ಕರಾರಿನಲ್ಲಿರಲಿ. ದಲ್ಲಾಳಿ ಒಬ್ಬೊಬ್ಬರನ್ನೇ ಕರೆದು ಮಾತಾಡಿಸಿದರೆ ಒಪ್ಪಬೇಡಿ. ಗ್ರಾಮಸಭೆಯಲ್ಲಿ ಕೂಡಿ, ವಕೀಲರಿಗೆ ತೋರಿಸಿ, ಆಮೇಲೆ ಸಹಿ ಹಾಕಿ.